ನೇತ್ರಾಣಿಯ ಹಗಲು: ಬಾನು, ಬಂಡೆ ಮತ್ತು ಹವಳ

ಕರ್ನಾಟಕದ ಕರಾವಳಿ ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ್ದರೂ, ನೀರಿನ ಮೇಲೆ ಬೋರಲಾಗಿ ತೇಲುತ್ತ ಜೀವಂತ ಹವಳವನ್ನು ಕಣ್ಣಾರೆ ನೋಡಬಹುದಾದ ಜಾಗಗಳು ಇಲ್ಲಿ ಬಹಳ ಕಡಿಮೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ, ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ತಲೆಯೆತ್ತಿ ನಿಂತಿರುವ ನೇತ್ರಾಣಿ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ, ಹಳೆಯ ನೌಕಾ ನಕ್ಷೆಗಳಲ್ಲಿ ಪಾರಿವಾಳದ ದ್ವೀಪವೆಂದು ದಾಖಲಾದ ಈ ಬಂಡೆಗುಡ್ಡದ ನೆತ್ತಿಯಲ್ಲಿ ದಟ್ಟ ಹಸುರು, ಅಂಚಿನಲ್ಲಿ ಕಡಿದಾದ ಕೋಡುಗಲ್ಲು, ಬುಡದಲ್ಲಿ ಹವಳ ಇವೆ. ಪ್ರವಾಸಿಗರು ದ್ವೀಪದ ಮೇಲೆ ಇಳಿಯುವಂತಿಲ್ಲವಾದ್ದರಿಂದ, ಇಲ್ಲಿನ ವನ್ಯಜೀವಿ ವೀಕ್ಷಣೆಯೆಲ್ಲ ದೋಣಿಯ ಮೇಲಿನಿಂದ ಇಲ್ಲವೇ ನೀರಿನೊಳಗಿನಿಂದ ನಡೆಯಬೇಕು. ಹೀಗೆ ಕಳೆಯುವ ಒಂದು ಹಗಲಿನಲ್ಲಿ ಕಾಣುವ ಹಕ್ಕಿ, ಬಂಡೆ, ಮೀನು, ಹವಳಗಳು ಬಿಡಿಬಿಡಿ ದೃಶ್ಯಗಳಲ್ಲ, ಒಂದೇ ಬದುಕಿನ ಜಾಲದ ಎಳೆಗಳು ಎಂಬುದನ್ನು ತೋರಿಸುವುದು ಈ ಅಧ್ಯಾಯದ ಉದ್ದೇಶ.

ಮಳೆಗಾಲ ಬರೆದ ವೇಳಾಪಟ್ಟಿ

ಶಿಕಾರಿಪುರ ಮತ್ತು ಸೊರಬ ಸೀಮೆಯ ಅಂಬ್ಲಿಗೊಳ ಜಲಾಶಯದ ಕಡೆಯಿಂದ ನೇತ್ರಾಣಿಗೆ ಹೊರಡುವವರು ಸಾಗರ, ಜೋಗ, ಹೊನ್ನಾವರಗಳ ದಾರಿಯಲ್ಲಿ ಘಟ್ಟ ಇಳಿಯುವಾಗ, ತಮಗರಿವಿಲ್ಲದೆಯೇ ದಕ್ಷಿಣ ಭಾರತದ ಮಹತ್ವದ ಜಲವಿಭಜಕ ರೇಖೆಯೊಂದನ್ನು ದಾಟುತ್ತಾರೆ. ಜಲವಿಭಜಕ ರೇಖೆಯೆಂದರೆ ಬಿದ್ದ ಮಳೆಯ ಹನಿ ಯಾವ ಕಡಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವ ಏಣು. ಅಂಬ್ಲಿಗೊಳದ ಸುತ್ತಲಿನ ಸೀಮೆಯಲ್ಲಿ ಹರಿಯುವ ಕುಮುದ್ವತಿ, ವರದಾ ಮತ್ತು ವರದೆಯನ್ನು ಕೂಡಿಕೊಳ್ಳುವ ದಂಡಾವತಿ ನದಿಗಳ ನೀರು ತುಂಗಭದ್ರೆಗೆ ಸೇರಿ, ಕೃಷ್ಣೆಯ ಮೂಲಕ ಮೂಡಣ ದಿಕ್ಕಿನ ಬಂಗಾಳ ಕೊಲ್ಲಿಯನ್ನು ಮುಟ್ಟಿದರೆ, ಅಷ್ಟೇನೂ ದೂರವಲ್ಲದ ಶರಾವತಿ ಪಡುವಣಕ್ಕೆ ತಿರುಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮುಂಗಾರಿನ ಮೋಡ ಎರಡು ಕಡಲುಗಳಿಗೆ ನೀರು ಹಂಚುವ ಈ ಮಲೆನಾಡಿನಲ್ಲಿ, ಕೆರೆಯ ಹಕ್ಕಿಗಳ ಋತುವೂ ಕಡಲ ಹವಳದ ಋತುವೂ ಆ ಮೋಡವನ್ನೇ ಅವಲಂಬಿಸಿವೆ.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಮುಂಗಾರು ಹಿಡಿದ ಮೇಲೆಯೇ ಸಡಗರ: ಕೆರೆ ತುಂಬಿ ಮರಗಳ ಬುಡ ನೀರಿನಲ್ಲಿ ನಿಂತಾಗ, ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ನೆಲದ ಶತ್ರುಗಳಿಂದ ದೂರವಾಗಿ ಗೂಡು ಕಟ್ಟುತ್ತವೆ. ಅದೇ ತಿಂಗಳುಗಳಲ್ಲಿ ಕರಾವಳಿಯ ಕಡಲು ಮನುಷ್ಯರಿಗೆ ಮುಚ್ಚಿದ ಬಾಗಿಲಾಗಿರುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ, ನೇತ್ರಾಣಿಯ ವಿಹಾರದ ದೋಣಿಗಳೂ ದಡ ಬಿಡುವುದಿಲ್ಲ. ಆಗ ಹೊಳೆಗಳು ಹೊತ್ತು ತರುವ ಕೆಮ್ಮಣ್ಣು ದಡದ ನೀರನ್ನು ಕದಡುತ್ತದೆ, ಇತ್ತ ತೆರೆದ ಕಡಲಿನಲ್ಲಿ ಆಳದ ತಂಪು ನೀರು ಮೇಲಕ್ಕೇರುವ ಪ್ರಕ್ರಿಯೆಯೂ ನಡೆಯುತ್ತದೆ. ಉತ್ಕರ್ಷವೆಂದು ಕರೆಯಲಾಗುವ ಈ ಪ್ರಕ್ರಿಯೆಯಲ್ಲಿ, ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ಸರಿಸಿದಾಗ, ತೆರವಾದ ಜಾಗಕ್ಕೆ ಪೋಷಕಾಂಶಗಳಿಂದ ತುಂಬಿದ ಆಳದ ನೀರು ಬಂದು ಸೇರಿ, ಸಸ್ಯಪ್ಲವಕಗಳೆಂಬ ಸೂಕ್ಷ್ಮ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಮೀನಿನ ಸಮೃದ್ಧಿಗೆ ಇದೇ ಮೂಲವಾದರೂ, ಪ್ಲವಕ ತುಂಬಿದ ನೀರು ತಿಳಿಯಾಗಿರುವುದಿಲ್ಲ. ಅಕ್ಟೋಬರಿನ ನಂತರ ಮಣ್ಣು ತಳ ಸೇರಿ, ಅಲೆ ತಗ್ಗಿ, ಡಿಸೆಂಬರ್–ಜನವರಿಯ ಹೊತ್ತಿಗೆ ದ್ವೀಪದ ಸುತ್ತಲಿನ ನೀರು ತಿಳಿಗೊಂಡ ಮೇಲೆಯೇ ನೇತ್ರಾಣಿ ತನ್ನನ್ನು ತೋರಿಸಿಕೊಳ್ಳುತ್ತದೆ.

ದೋಣಿಯ ದಾರಿ

ಮುರುಡೇಶ್ವರದಿಂದ ಬೆಳಿಗ್ಗೆ ಹೊರಟ ದೋಣಿ ದ್ವೀಪ ತಲುಪಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ, ಈ ಅವಧಿ ಬರಿಯ ಕಾಯುವಿಕೆಯಾಗಬೇಕಿಲ್ಲ. ದಡದ ಸಮೀಪದ ಆಳವಿಲ್ಲದ ನೀರಿನಲ್ಲಿ, ಅದರಲ್ಲೂ ಅಳಿವೆಗಳ ಆಸುಪಾಸಿನಲ್ಲಿ, ಬೆನ್ನಿನ ಮೇಲೆ ಉಬ್ಬಿರುವ ಗುಬುಟು ಹಾಗೂ ಅದರ ಮೇಲಿನ ಚಿಕ್ಕ ರೆಕ್ಕೆಯಿಂದ ಗುರುತಿಸಬಹುದಾದ ಗುಬುಟುಬೆನ್ನಿನ ಡಾಲ್ಫಿನ್‌ಗಳು ಉಸಿರಿಗಾಗಿ ಮೇಲೆ ಬರುತ್ತವೆ. ದೋಣಿ ಆಳಕ್ಕೆ ಹೋದಂತೆ ಇವು ಹಿಂದೆ ಉಳಿಯುತ್ತವೆ, ಏಕೆಂದರೆ ಇವುಗಳ ಬದುಕು ಅಳಿವೆಯ ಮೀನುಗಳಿಗೆ ಅಂಟಿಕೊಂಡಿದೆ. ತೆರೆದ ಕಡಲಿನಲ್ಲಿ ಒಮ್ಮೊಮ್ಮೆ ಆಲಿವ್ ರಿಡ್ಲಿ ಆಮೆಯ ಬೆನ್ನು ಕಂಡು ಮರೆಯಾಗುವುದುಂಟು. ಈ ಆಮೆಗಳು ಹೊನ್ನಾವರದ ಕಾಸರಕೋಡು ಸೇರಿದಂತೆ ಕರಾವಳಿಯ ಹಲವು ಮರಳದಂಡೆಗಳಲ್ಲಿ ಮೊಟ್ಟೆಯಿಡುತ್ತವೆ.

ಇದೇ ದಾರಿಯಲ್ಲಿ ಭೂಮಿಯ ದುಂಡುತನವನ್ನೂ ಕಣ್ಣಿನಿಂದಲೇ ಅಳೆಯಬಹುದು. ದೋಣಿಯಲ್ಲಿ ಕುಳಿತವರ ಕಣ್ಣು ನೀರಿನ ಮಟ್ಟದಿಂದ ಎರಡು ಮೀಟರ್ ಎತ್ತರದಲ್ಲಿದ್ದರೆ, ಅವರ ದಿಗಂತ ಸುಮಾರು 5 ಕಿಲೋಮೀಟರ್ ದೂರದಲ್ಲಿರುತ್ತದೆ. ಅದರಾಚೆಗಿನ 14 ಕಿಲೋಮೀಟರ್‌ಗಳಲ್ಲಿ ನೀರಿನ ಮೇಲ್ಮೈ ಬಾಗಿಕೊಂಡಿರುವುದರಿಂದ, ದ್ವೀಪದ ಬಳಿಯಿಂದ ಹಿಂತಿರುಗಿ ನೋಡಿದಾಗ ದಡದ ಮೊದಲ 15 ಮೀಟರ್ ಎತ್ತರದಷ್ಟು ಭಾಗ ಕಾಣುವುದಿಲ್ಲ. ಮರಳು, ದೋಣಿ, ತಗ್ಗಿನ ಮನೆಗಳು ಮೊದಲು ಕಣ್ಮರೆಯಾಗಿ, ದೇವಾಲಯದ ಎತ್ತರದ ಗೋಪುರ ಮತ್ತು ಕಂದುಕ ಗಿರಿಯ ಮೇಲಿನ ಶಿವನ ಪ್ರತಿಮೆ ಮಾತ್ರ ನೀರಿನಿಂದಲೇ ಎದ್ದಂತೆ ಕೊನೆಯವರೆಗೆ ಉಳಿಯುವುದಕ್ಕೆ ಈ ಬಾಗುವಿಕೆಯೇ ಕಾರಣ.

ಕೋಡುಗಲ್ಲಿನ ಒಕ್ಕಲುಗಳು

ದ್ವೀಪ ಹತ್ತಿರವಾದಂತೆ ಕಣ್ಣಿಗೆ ಮೊದಲು ಬೀಳುವ ಜೀವಿ ಬಿಳಿಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್ ಅಗಲವಾಗುವ ಈ ಹಕ್ಕಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಬಂಡೆಗೆ ಬಡಿದು ಮೇಲೇರುವ ಗಾಳಿಯ ಮೇಲೆ ರೆಕ್ಕೆ ಬಡಿಯದೆಯೇ ಸುತ್ತುತ್ತದೆ. ತಲೆ, ಹೊಟ್ಟೆ, ಮೊಟಕಾದ ಬಾಲದ ತುದಿ ಅಚ್ಚ ಬಿಳಿ, ಬೆನ್ನು ಬೂದು. ಪೂರ್ತಿ ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಜೊತೆಗಿದ್ದರೆ ಅದು ಬೇರೆ ಜಾತಿಯಿರಬೇಕೆಂದು ಭಾವಿಸಬೇಕಿಲ್ಲ, ಮರಿಗಳಿಗೆ ಬೆಳೆದ ಹದ್ದಿನ ಬಣ್ಣ ಬರಲು ನಾಲ್ಕೈದು ವರ್ಷಗಳೇ ಬೇಕು. ಎತ್ತರದ ಮರದ ಮೇಲೆ ಕಡ್ಡಿಗಳಿಂದ ಕಟ್ಟಿದ ಗೂಡಿಗೆ ಅದೇ ಜೋಡಿ ವರ್ಷವರ್ಷವೂ ಮರಳಿ ಬಂದು ಹೊಸ ಕಡ್ಡಿ ಸೇರಿಸುವುದರಿಂದ, ಒಂದು ಮರ ಉರುಳಿದರೆ ಹಲವು ವರ್ಷಗಳ ದುಡಿಮೆಯೇ ಕಳೆದಂತೆ. ಮೀನು ಮತ್ತು ಕಡಲ ಹಾವು ಇವುಗಳ ಮುಖ್ಯ ಆಹಾರ.

ನೀರಿನ ಮಟ್ಟದ ಬಿರುಕುಗಳಲ್ಲಿ, ಕತ್ತಲೆಯ ಗವಿಗಳಲ್ಲಿ ಇರುವುದು ಇದಕ್ಕಿಂತ ವಿಚಿತ್ರವಾದ ಹಕ್ಕಿ, ಗುಬ್ಬಿಯಷ್ಟು ಸಣ್ಣದಾದ ಬಾನಾಡಿ. ಇದರ ಕಾಲುಗಳು ಕೊಂಬೆಯ ಮೇಲೆ ಕೂರಲು ಒದಗದೆ, ನೆಟ್ಟಗಿನ ಬಂಡೆಗೆ ಅಂಟಿಕೊಳ್ಳಲಷ್ಟೇ ಒದಗುತ್ತವೆ. ಹಗಲೆಲ್ಲ ಹಾರುತ್ತಲೇ ಕೀಟ ಹಿಡಿಯುವ ಈ ಹಕ್ಕಿ ಗೂಡು ಕಟ್ಟುವುದು ತನ್ನ ಲಾಲಾರಸದಿಂದ. ಗಾಳಿಗೆ ಒಣಗಿ ಗಟ್ಟಿಯಾಗುವ ಆ ಅಂಟು ಪುಟ್ಟ ಬಟ್ಟಲಾಗಿ ಗವಿಯ ಗೋಡೆಗೆ ಹತ್ತಿಕೊಳ್ಳುತ್ತದೆ. ಬೆಳಕಿಲ್ಲದ ಗವಿಯೊಳಗೆ ಹಾರುವಾಗ ಇದು ತನ್ನ ಧ್ವನ್ಯಂಗದಿಂದ ಟಿಕ್ ಟಿಕ್ ಸದ್ದು ಹೊರಡಿಸಿ, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತದೆ. ಪ್ರತಿಧ್ವನಿಯಿಂದ ಸ್ಥಳ ಗುರುತಿಸುವ ಈ ವಿದ್ಯೆ ಬಾವಲಿಗಳಲ್ಲಿ ಮನುಷ್ಯರ ಕಿವಿಗೆ ನಿಲುಕದ ಸ್ವರದಲ್ಲಿ ನಡೆದರೆ, ಈ ಬಾನಾಡಿಯ ಸದ್ದು ಮನುಷ್ಯರಿಗೂ ಕೇಳುವಂಥದ್ದು. ಗೂಡಿನ ಸಾರಿಗಾಗಿ ಆಗ್ನೇಯ ಏಷ್ಯಾದಲ್ಲಿ ಇದರ ಬಳಗದ ಹಕ್ಕಿಗಳ ಗೂಡುಗಳಿಗೆ ಭಾರೀ ಬೆಲೆಯಿರುವುದರಿಂದ, ಮನುಷ್ಯರು ಸುಲಭವಾಗಿ ಏರಲಾಗದ ಗವಿಗಳೇ ಇವುಗಳಿಗೆ ರಕ್ಷೆ.

ಹಕ್ಕಿಗಳಿಗೂ ಕೆಳಗಿನ ಹವಳಕ್ಕೂ ಇರುವ ನಂಟು ಬರಿಗಣ್ಣಿಗೆ ಕಾಣದು. ಅದನ್ನು ಅಳೆದು ತೋರಿಸಿದ್ದು ಹಿಂದೂ ಮಹಾಸಾಗರದ ನಡುವಣ ಛಾಗೋಸ್ ದ್ವೀಪಸಮೂಹದಲ್ಲಿ ನಡೆದು, 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ. ಹಡಗುಗಳಿಂದ ಇಳಿದ ಇಲಿಗಳು ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದುಹಾಕಿದ ದ್ವೀಪಗಳನ್ನೂ, ಇಲಿ ತಲುಪದೆ ಹಕ್ಕಿಗಳು ಕಿಕ್ಕಿರಿದಿರುವ ದ್ವೀಪಗಳನ್ನೂ ವಿಜ್ಞಾನಿಗಳು ಹೋಲಿಸಿದಾಗ, ಇಲಿಯಿಲ್ಲದ ದ್ವೀಪಗಳ ಸುತ್ತಲಿನ ಹವಳದಲ್ಲಿ ಮೀನಿನ ಒಟ್ಟು ತೂಕ ಸುಮಾರು ಅರ್ಧದಷ್ಟು ಹೆಚ್ಚಿತ್ತು, ಹವಳದ ಮೇಲಿನ ಪಾಚಿಯನ್ನು ಮೀನುಗಳು ಮೇಯುವ ಪ್ರಮಾಣ ಮೂರು ಪಟ್ಟಿಗೂ ಮಿಗಿಲಾಗಿತ್ತು. ದೂರದ ಕಡಲಿನಲ್ಲಿ ಮೀನು ತಿಂದ ಹಕ್ಕಿಗಳು ದ್ವೀಪದ ಮೇಲೆ ಹಾಕುವ ಹಿಕ್ಕೆಯಲ್ಲಿರುವ ಸಾರಜನಕ, ಮಳೆಯಲ್ಲಿ ತೊಳೆದು ಹವಳದ ತಳಕ್ಕೆ ಇಳಿಯುವುದೇ ಇದಕ್ಕೆ ಕಾರಣವೆಂದು ಅಧ್ಯಯನ ತೋರಿಸಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ರೈತರು ಹೆಜ್ಜಾರ್ಲೆ ಮತ್ತು ಕೊಕ್ಕರೆಗಳ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವ ಪದ್ಧತಿಯ ಹಿಂದೆಯೂ ಇದೇ ರಸಾಯನಶಾಸ್ತ್ರವಿದೆ. ದ್ವೀಪದ ನೆಲ ಕೆಟ್ಟರೆ ಸುತ್ತಲ ನೀರೂ ಬಡವಾಗುತ್ತದೆಂಬ ಈ ತತ್ತ್ವದ ಬೆಳಕಿನಲ್ಲಿ ನೋಡಿದರೆ, ನೇತ್ರಾಣಿಗೆ ಒಂದು ಇಲಿಯೂ ಇಳಿಯದಂತೆ ಎಚ್ಚರ ವಹಿಸುವುದು ಹವಳದ ಆರೈಕೆಯ ಭಾಗವೇ ಆಗುತ್ತದೆ.

ಮುಖ ಕೆಳಗೆ, ಬೆನ್ನು ಮೇಲೆ

ಸ್ನಾರ್ಕೆಲಿಂಗ್ ಎಂದರೆ ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಿಂದ ಉಸಿರಾಡುವ ಬಾಗಿದ ಕೊಳವೆ, ಕಾಲಿಗೆ ಈಜುರೆಕ್ಕೆ ತೊಟ್ಟು, ನೀರಿನ ಮೇಲ್ಮೈಯಲ್ಲಿ ಬೋರಲಾಗಿ ತೇಲುತ್ತ ತಳವನ್ನು ನೋಡುವ ಕ್ರಮ. ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಇದಕ್ಕಿಂತ ಬೇರೆ. 2022ರಲ್ಲಿ ತೆರೆಕಂಡ, ಪುನೀತ್ ರಾಜ್‌ಕುಮಾರ್ ಅಭಿನಯದ ‘ಗಂಧದ ಗುಡಿ’ ಚಿತ್ರದಲ್ಲಿ ಕನ್ನಡಿಗರು ನೇತ್ರಾಣಿಯ ತಳವನ್ನು ಕಂಡದ್ದು ಈ ಎರಡನೆಯ ಬಗೆಯಿಂದ.

ಮುಖವಾಡವಿಲ್ಲದೆ ನೀರಿನಲ್ಲಿ ಕಣ್ಣು ತೆರೆದರೆ ಎಲ್ಲವೂ ಮಸುಕಾಗಿ ಕಾಣಲು ಕಾರಣ ಕಣ್ಣಿನ ರಚನೆಯಲ್ಲಿದೆ. ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಕೂಡಿಸುವ ಕೆಲಸದ ಸುಮಾರು ಮೂರನೇ ಎರಡು ಪಾಲನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಮಾಡುತ್ತದೆ. ಗಾಳಿಯಿಂದ ಕಾರ್ನಿಯಾಕ್ಕೆ ದಾಟುವಾಗ ಬೆಳಕು ಚೆನ್ನಾಗಿ ಬಾಗುತ್ತದೆ, ಆದರೆ ನೀರು ಮತ್ತು ಕಾರ್ನಿಯಾಗಳ ವಕ್ರೀಭವನ ಗುಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೀರಿನಲ್ಲಿ ಅದು ಬಹುತೇಕ ಬಾಗುವುದೇ ಇಲ್ಲ. ಮುಖವಾಡ ಕಣ್ಣಿನ ಮುಂದೆ ಗಾಳಿಯ ಪದರವೊಂದನ್ನು ಉಳಿಸಿ ಈ ಶಕ್ತಿಯನ್ನು ಮರಳಿಸುತ್ತದೆ. ಆದರೂ ಬೆಳಕು ನೀರಿನಿಂದ ಗಾಳಿಗೆ ದಾಟುವಾಗ ಮತ್ತೊಮ್ಮೆ ಬಾಗುವುದರಿಂದ, ವಸ್ತುಗಳು ಇರುವುದಕ್ಕಿಂತ ಹತ್ತಿರವಾಗಿಯೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿಯೂ ತೋರುತ್ತವೆ. ನೀರಿನಿಂದ ಎದ್ದು ಬಂದವರು ಹೇಳುವ ಮೀನಿನ ಅಳತೆ ಅತಿಶಯವೆನಿಸಲು ಬಹುಪಾಲು ಇದೇ ಕಾರಣ.

ಉಸಿರಿನ ಕೊಳವೆ ಒಂದಡಿಗಿಂತ ಹೆಚ್ಚು ಉದ್ದವಿರದಿರುವುದಕ್ಕೂ ಭೌತಶಾಸ್ತ್ರವೇ ಕಾರಣ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, ಕೇವಲ ಒಂದು ಮೀಟರ್ ಆಳದಲ್ಲಿ ಎದೆಯ ಮೇಲೆ ವಾಯುಮಂಡಲದ ಹತ್ತನೇ ಒಂದು ಪಾಲು ಹೆಚ್ಚುವರಿ ಒತ್ತಡ ಬೀಳುತ್ತದೆ. ಇಷ್ಟು ಒತ್ತಡವನ್ನು ಮೀರಿ ಎದೆ ಹಿಗ್ಗಿಸಿ, ಮೇಲ್ಮೈಯ ಗಾಳಿಯನ್ನು ಒಳಗೆಳೆಯುವುದು ಉಸಿರಾಟದ ಸ್ನಾಯುಗಳಿಗೆ ಆಗದ ಕೆಲಸ; ಜೊತೆಗೆ ಉದ್ದ ಕೊಳವೆಯಲ್ಲಿ ಉಳಿಯುವ ಹಳೆಯ ಗಾಳಿಯನ್ನೇ ಮತ್ತೆ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿದೆ. ಆದ್ದರಿಂದ ಸ್ನಾರ್ಕೆಲಿಂಗ್ ಮಾಡುವವರ ಜಾಗ ನೀರಿನ ಮೇಲ್ಮೈಯೇ, ಹವಳಕ್ಕೂ ಅದೇ ಕ್ಷೇಮ.

ತಲೆ ನೀರಿಗಿಳಿದೊಡನೆ ಮೊದಲು ಎದುರಾಗುವುದು ಸದ್ದು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಎಡೆಬಿಡದೆ ಕೇಳುವ ಆ ಚಟಪಟ ಬಂಡೆಯ ಸಂದಿಗಳಲ್ಲಿ ಅಡಗಿರುವ ಚಿಟಿಕೆ ಸಿಗಡಿಗಳದ್ದು. ಬೆರಳಿನಷ್ಟೇ ಉದ್ದದ ಈ ಸಿಗಡಿ ತನ್ನ ದೊಡ್ಡ ಕೊಂಬಿಯನ್ನು ಮಿಂಚಿನ ವೇಗದಲ್ಲಿ ಮುಚ್ಚಿದಾಗ ಚಿಮ್ಮುವ ನೀರಿನ ಧಾರೆಯ ಹಿಂದೆ ಒತ್ತಡ ಕುಸಿದು ಆವಿಯ ಗುಳ್ಳೆಯೊಂದು ಹುಟ್ಟುತ್ತದೆ, ಆ ಗುಳ್ಳೆ ಒಡನೆಯೇ ಕುಗ್ಗಿ ಒಡೆಯುವಾಗ ಸದ್ದಾಗುತ್ತದೆ. ಸದ್ದಿನ ಮೂಲ ಕೊಂಬಿಯ ಬಡಿತವಲ್ಲ, ಗುಳ್ಳೆಯ ಕುಸಿತವೆಂಬುದು 2000ದಲ್ಲಿ ನಡೆದ ಅತಿವೇಗದ ಚಿತ್ರೀಕರಣದಿಂದ ಖಚಿತವಾಯಿತು. ಬೇಟೆಯನ್ನು ದಿಗ್ಭ್ರಮೆಗೊಳಿಸಲು ಈ ಆಘಾತವೇ ಸಾಕು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್, ಅಂದರೆ ಗಾಳಿಯಲ್ಲಿನ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಚಲಿಸಿ ಎರಡೂ ಕಿವಿಗಳನ್ನು ಬಹುತೇಕ ಒಟ್ಟಿಗೇ ಮುಟ್ಟುವುದರಿಂದ, ಸದ್ದು ಎಲ್ಲ ದಿಕ್ಕುಗಳಿಂದಲೂ ಬಂದಂತೆ ಭಾಸವಾಗುತ್ತದೆ.

ಹವಳ ಗಿಡದಂತೆಯೋ ಕಲ್ಲಿನಂತೆಯೋ ಕಂಡರೂ, ಅದು ಪ್ರಾಣಿ. ಕೆಲವೇ ಮಿಲಿಮೀಟರ್ ಅಗಲದ, ಬಾಯಿಯ ಸುತ್ತ ಕುಡಿಮೀಸೆಗಳುಳ್ಳ ಪಾಲಿಪ್ ಎಂಬ ಮೆತ್ತನೆಯ ಜೀವಿಗಳು ಸಾವಿರಾರು ಒಟ್ಟುಗೂಡಿ, ತಮ್ಮ ಬುಡದಲ್ಲಿ ಸುಣ್ಣದ ಕಲ್ಲನ್ನು ಕಟ್ಟುತ್ತ ಬೆಳೆಯುತ್ತವೆ. ಪಾಲಿಪ್‌ನ ಮೈಯೊಳಗೆ ಮನೆ ಮಾಡಿಕೊಂಡ ಝೂಝಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸಿ ಅದರ ಬಹುಭಾಗವನ್ನು ಆಶ್ರಯದಾತನಿಗೆ ಕೊಡುತ್ತದೆ, ಹವಳದ ಬಣ್ಣವೂ ಹೆಚ್ಚಿನಂಶ ಈ ಪಾಚಿಯದೇ. ಬಿಸಿಲು ಬೇಕಾದ್ದರಿಂದಲೇ ಹವಳಕ್ಕೆ ತಿಳಿನೀರು ಬೇಕು. ಮೈಮೇಲೆ ಮಣ್ಣು ಕೂತರೆ ಅದನ್ನು ಲೋಳೆಯಿಂದ ತೊಳೆದುಕೊಳ್ಳಲು ಪಾಲಿಪ್ ತನ್ನ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಶರಾವತಿ, ವೆಂಕಟಾಪುರ ಮುಂತಾದ ಪಡುಮುಖದ ಹೊಳೆಗಳು ಮಳೆಗಾಲದಲ್ಲಿ ಸುರಿಯುವ ಸಿಹಿನೀರು ಮತ್ತು ಕೆಸರಿನ ನಡುವೆ ದಡದ ಬಂಡೆಗಳ ಮೇಲೆ ಹವಳ ಸಮೃದ್ಧವಾಗಿ ಬೆಳೆಯಲಾರದು. ನೇತ್ರಾಣಿಗೆ ದಡದಿಂದ ಇರುವ ದೂರವೇ ಅದರ ಭಾಗ್ಯ. ಹಾಗಿದ್ದೂ ಇಲ್ಲಿ ಲಕ್ಷದ್ವೀಪದಲ್ಲಿರುವಂಥ ವಿಶಾಲ ಹವಳದಿಬ್ಬವಿಲ್ಲ, ಬಂಡೆಯ ಇಳಿಜಾರಿನ ಮೇಲೆ ಅಲ್ಲಲ್ಲಿ ತೇಪೆಗಳಾಗಿ ಹವಳ ಹಬ್ಬಿದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಹವಳ ಮತ್ತು ಮೀನುಗಳ ಸಮುದಾಯವನ್ನು ಸಮೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದ ನಂತರವೇ ಈ ತೇಪೆಗಳ ಮಹತ್ವ ವಿಜ್ಞಾನದ ವಲಯದಲ್ಲಿ ಚೆನ್ನಾಗಿ ಪರಿಚಯವಾಯಿತು.

ಹವಳದ ನಡುವೆ ಜೋಡಿಯಾಗಿ ಓಡಾಡುವ, ಕೈಯಂಗಲದ ಚಪ್ಪಟೆ ಮೀನುಗಳು ಚಿಟ್ಟೆಮೀನುಗಳು. ಹಲವು ಜಾತಿಗಳಲ್ಲಿ ಕಣ್ಣಿನ ಮೇಲೆ ಕಪ್ಪು ಪಟ್ಟಿಯೂ, ಬಾಲದ ಬಳಿ ಕಣ್ಣಿನಂಥ ಬೊಟ್ಟೂ ಇದ್ದು, ಬೇಟೆಗಾರನಿಗೆ ತಲೆ ಯಾವುದು ಬಾಲ ಯಾವುದೆಂದು ತಿಳಿಯದಂತೆ ಮಾಡುತ್ತವೆ. ಇವುಗಳಲ್ಲಿ ಕೆಲವು ಹವಳದ ಪಾಲಿಪ್‌ಗಳನ್ನೇ ತಿಂದು ಬದುಕುವುದರಿಂದ, ಚಿಟ್ಟೆಮೀನು ಕಡಿಮೆಯಾದರೆ ಹವಳಕ್ಕೆ ಕಾಯಿಲೆಯಿದೆಯೆಂದು ಊಹಿಸಬಹುದು. ಬಂಡೆಯನ್ನು ಕೆರೆಯುವ ಗಿಳಿಮೀನಿನ ಸದ್ದು ಮೇಲ್ಮೈಯಲ್ಲಿ ತೇಲುವವರಿಗೂ ಕೇಳುತ್ತದೆ: ಹಲ್ಲುಗಳು ಬೆಸೆದು ಕೊಕ್ಕಿನಂತಾಗಿರುವ ಈ ಮೀನು ಪಾಚಿಯೊಡನೆ ಸತ್ತ ಹವಳದ ಪದರವನ್ನೂ ಕೆರೆದು ನುಂಗಿ, ಗಂಟಲಿನ ಎರಡನೆಯ ಹಲ್ಲುಗಳಿಂದ ಅದನ್ನು ಅರೆದು, ಜೀರ್ಣವಾಗದ ಸುಣ್ಣವನ್ನು ಮರಳಾಗಿ ಹಿಂದಿನಿಂದ ಬಿಡುತ್ತ ಸಾಗುತ್ತದೆ. ಮೇಯುವ ಈ ಕೆಲಸ ನಿಂತರೆ ಪಾಚಿ ಬಂಡೆಯನ್ನು ಆವರಿಸಿ, ಎಳೆಯ ಹವಳಕ್ಕೆ ಕಾಲೂರಲು ಜಾಗ ಸಿಗದು. ಛಾಗೋಸ್‌ನಲ್ಲಿ ಹಕ್ಕಿಯ ಹಿಕ್ಕೆಗೂ ಹವಳದ ಆರೋಗ್ಯಕ್ಕೂ ನಡುವಿನ ಕೊಂಡಿಯಾಗಿ ಕಂಡದ್ದು ಇಂಥ ಮೇಯುವ ಮೀನುಗಳೇ. ಅಪಾಯ ಕಂಡೊಡನೆ ಬಿರುಕಿಗೆ ನುಗ್ಗುವ ಟ್ರಿಗರ್ ಮೀನು ತನ್ನ ಬೆನ್ನಿನ ಮೊದಲ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ, ಎರಡನೆಯ ಮುಳ್ಳನ್ನು ಅಗುಳಿಯಂತೆ ಅದಕ್ಕೆ ಆನಿಸುವುದರಿಂದ, ಆ ಎರಡನೆಯದು ಸಡಿಲವಾಗುವವರೆಗೆ ಯಾರೂ ಅದನ್ನು ಹೊರಗೆಳೆಯಲಾರರು.

ಅಪರೂಪಕ್ಕೊಮ್ಮೆ ಈ ನೀರಿನಲ್ಲಿ ತಿಮಿಂಗಿಲ ಶಾರ್ಕ್ ಕಂಡುಬರುತ್ತದೆ. ಜಗತ್ತಿನ ಅತಿ ದೊಡ್ಡ ಮೀನಾದ ಇದು ಬಾಯ್ದೆರೆದು ನೀರನ್ನು ಸೋಸಿ, ಪ್ಲವಕ ಮತ್ತು ಸಣ್ಣ ಮೀನುಗಳನ್ನು ತಿನ್ನುವ ಸೌಮ್ಯ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ತಿಮಿಂಗಿಲ ಶಾರ್ಕನ್ನೂ ದಿಬ್ಬ ಕಟ್ಟುವ ಹವಳಗಳನ್ನೂ ಸೇರಿಸಲಾಯಿತು. ಹಾಗಾಗಿ ಹವಳದ ಒಂದು ಚೂರನ್ನು ಮುರಿದು ಮನೆಗೆ ತರುವುದೂ ಕಾನೂನಿನ ಕಣ್ಣಿನಲ್ಲಿ ಗಂಭೀರ ಅಪರಾಧವೇ.

ನೋಡುವವರ ಹೊಣೆ

ನೇತ್ರಾಣಿ ಬಹಳ ಕಾಲ ಭಾರತೀಯ ನೌಕಾಪಡೆಯ ಗುರಿಯಭ್ಯಾಸದ ತಾಣವೂ ಆಗಿತ್ತು, ಅದರ ವಿರುದ್ಧ ಪರಿಸರಾಸಕ್ತರು ನ್ಯಾಯಾಲಯದ ಮೆಟ್ಟಿಲನ್ನೂ ಏರಿದ್ದರು. ಇಂದು ಪ್ರವಾಸೋದ್ಯಮ ಬೆಳೆದಂತೆ, ಕಣ್ಣಿಗೆ ರಾಚದ ಹಾನಿಗಳ ಕಡೆಗೂ ಗಮನ ಹೋಗಬೇಕಾಗಿದೆ. ದೋಣಿಯ ಲಂಗರು ಒಮ್ಮೆ ಹವಳದ ಮೇಲೆ ಬಿದ್ದರೆ ದಶಕಗಳ ಬೆಳವಣಿಗೆ ಪುಡಿಯಾಗುತ್ತದೆ. ತಳಕ್ಕೆ ಶಾಶ್ವತವಾಗಿ ಕಟ್ಟಿದ ತೇಲುಬುರುಡೆಗೆ ದೋಣಿ ಕಟ್ಟುವ ವ್ಯವಸ್ಥೆ ಇದಕ್ಕೆ ಸರಳ ಪರಿಹಾರ. ಈಜುರೆಕ್ಕೆಯ ಒದೆತಕ್ಕೆ ಎದ್ದ ಮರಳು ಪಾಲಿಪ್‌ಗಳ ಮೇಲೆ ಕೂರುತ್ತದೆ. ಬಿಸಿಲಿಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆನ್‌ಝೋನ್ ಎಂಬ ರಾಸಾಯನಿಕ ಹವಳದ ಮರಿಗಳಿಗೆ ಹಾನಿಕರವೆಂಬ ಕಾರಣಕ್ಕೆ ಹವಾಯಿ ಅದರ ಮಾರಾಟವನ್ನು 2021ರಿಂದ ನಿಷೇಧಿಸಿದೆ. ತುಂಬು ತೋಳಿನ ಈಜುಡುಗೆ ತೊಡುವುದು ಅದಕ್ಕಿಂತ ಒಳ್ಳೆಯ ರಕ್ಷೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ನೀರಿನ ಬಿಸಿ. ಬೇಸಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಹಲವು ವಾರ ಉಳಿದರೆ, ಪಾಲಿಪ್‌ಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತವೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬೆಳ್ಳಗಾಗಿತ್ತು, 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೆಯ ವ್ಯಾಪಕ ಬಿಳಿಚುವಿಕೆಯನ್ನು ವಿಜ್ಞಾನಿಗಳು ಘೋಷಿಸಿದರು. ಇಂಥ ಬದಲಾವಣೆಯನ್ನು ಒಂದು ದ್ವೀಪದ ಬಳಿ ನಿಂತು ತಡೆಯಲಾಗದು. ಆದರೆ ಮಣ್ಣು, ಲಂಗರು, ಕಸ, ಇಲಿಗಳ ಹೊರೆ ಕಡಿಮೆಯಿರುವ ಹವಳ ಬಿಸಿಯ ಹೊಡೆತದಿಂದ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು.

ಹೀಗಿರುವಾಗ ಪ್ರವಾಸಿಗರು ಮಾಡಬಹುದಾದ ಬೆಲೆಬಾಳುವ ಕೆಲಸವೆಂದರೆ ದಿನಾಂಕ ಮತ್ತು ಜಾಗದೊಡನೆ ಕಂಡದ್ದನ್ನು ದಾಖಲಿಸುವುದು. ತಿಮಿಂಗಿಲ ಶಾರ್ಕಿನ ಮೈಮೇಲಿನ ಬಿಳಿ ಚುಕ್ಕೆಗಳ ವಿನ್ಯಾಸ ಒಂದೊಂದಕ್ಕೂ ಬೇರೆಯಾಗಿರುವುದರಿಂದ, ಆಕಾಶದ ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು ಖಗೋಳ ವಿಜ್ಞಾನಿಗಳು ರೂಪಿಸಿದ್ದ ಗಣಿತವನ್ನೇ ಬಳಸಿ, ಸಾಮಾನ್ಯರು ತೆಗೆದ ಚಿತ್ರಗಳಿಂದ ಒಂದೇ ಮೀನನ್ನು ಮತ್ತೆ ಮತ್ತೆ ಗುರುತಿಸುವ ವಿಧಾನವನ್ನು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಅಂಬ್ಲಿಗೊಳದ ನೀರಿನಂಚಿನಲ್ಲಿ ಚಳಿಗಾಲದ ಬಾತುಗಳನ್ನು ಎಣಿಸುವವರೂ, ಗುಡವಿಯಲ್ಲಿ ಗೂಡು ಲೆಕ್ಕ ಹಾಕುವವರೂ ಪ್ರತಿ ಡಿಸೆಂಬರಿನಲ್ಲಿ ನೇತ್ರಾಣಿಯ ಒಂದೇ ಬಂಡೆಯ ಹವಳದ ಚಿತ್ರ ತೆಗೆದು ಒಂದೆಡೆ ಸೇರಿಸಿದರೆ, ಹತ್ತು ವರ್ಷಗಳಲ್ಲಿ ಕರ್ನಾಟಕದ ಕಡಲಿಗೆ ತನ್ನದೇ ಆದ ಆರೋಗ್ಯದ ದಾಖಲೆ ಸಿದ್ಧವಾಗುತ್ತದೆ. ಯಾವ ವರ್ಷ ಕೆಸರು ಹೆಚ್ಚಿತು, ಯಾವ ವರ್ಷ ಬಿಸಿ ಹೊಡೆಯಿತು, ಯಾವ ರಕ್ಷಣೆ ಫಲ ಕೊಟ್ಟಿತು ಎಂಬ ಪ್ರಶ್ನೆಗಳಿಗೆ ಆಗ ಅಂದಾಜಿನ ಬದಲು ಸಾಕ್ಷ್ಯವೇ ಉತ್ತರ ಹೇಳುತ್ತದೆ.